ಕೆಂಚಣ್ಣನ ಎಡಗಿವಿಗೆ ಸಾಕ್ಷಿ

ನಮ್ಮ ಅತ್ತೆ ದೊಡ್ಡಬಸಮ್ಮನಿಗೆ ಯಾರ ಮಾತಿನ ಮೇಲೂ ನಂಬಿಕೆ ಇರಲಿಲ್ಲ. ಮೊಸರಿನವಳು ಇವತ್ತು ಹೆಪ್ಪು ಹಾಕಿದ್ದು ಎಂದರೆ ಬೆರಳು ಅದ್ದಿ ನೋಡುತ್ತಿದ್ದಳು. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ನಾನು ಬಾಯಿಬಿಟ್ಟು ಹೇಳಿದರೂ ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಿದ್ದಳು. ಅಂಥವಳು ಜನ್ಮದಲ್ಲಿ ಒಂದು ಸಲ ಸಿನಿಮಾ ಪರದೆಯನ್ನು ನಂಬಿಬಿಟ್ಟಳು. ಅದರಿಂದ ನನ್ನ ನಾದಿನಿ ಹಂಪಕ್ಕನ ಮದುವೆಯೇ ಮುರಿದುಬೀಳುವುದರಲ್ಲಿತ್ತು. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಹುಡುಗ ಕೆಂಚಣ್ಣ, ಕುರುಗೋಡಿನವನು. ಬಳ್ಳಾರಿಯಲ್ಲಿ ಲಾರಿ ಕ್ಲೀನರ್ ಆಗಿದ್ದವನು, ಯುದ್ಧ ಶುರುವಾದಾಗ ಹೊಟ್ಟೆತುಂಬ ಊಟ ಸಿಗುತ್ತದೆಂದು ಪಲ್ಟನ್ ಸೇರಿದ. ಗಾಡಿ ನಡೆಸಲು ಬರುತ್ತದಲ್ಲ ಎಂದು ಅವನನ್ನು ಯುದ್ಧದ ಟ್ಯಾಂಕಿಗೆ ಡ್ರೈವರ್ ಮಾಡಿ ಬರ್ಮಾಕ್ಕೆ ಕಳಿಸಿದರು. ತಿರುಗಿ ಬಂದ ಮೇಲೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬರುವ ಇದ್ದಿಲು ಬಸ್ಸಿಗೆ ಡ್ರೈವರ್ ಆದ. ಬೆನ್ನಿಗೆ ಒಲೆ ಕಟ್ಟಿಕೊಂಡು, ಇದ್ದಿಲಿನ ಹೊಗೆಯ ಬಲದಿಂದ ಕೆಮ್ಮುತ್ತ ಓಡುವ ಬಸ್ಸು ಅದು. ದಿಣ್ಣೆ ಬಂದರೆ ಜನ ಇಳಿದು ತಳ್ಳಬೇಕು. ಆದರೂ ಕೆಂಚಣ್ಣ ಅದರ ಮೇಲೆ ಒಂದು ದಿನವೂ ಸಿಟ್ಟಾದವನಲ್ಲ. ಕಿಟಕಿಗಳನ್ನೆಲ್ಲ ತೆರೆದಿಟ್ಟೇ ಓಡಿಸುತ್ತಿದ್ದ. ಧೂಳು ಬರುತ್ತದೆ ಎಂದು ಯಾರಾದರೂ ಗೊಣಗಿದರೆ, "ಗಾಳಿ ಬರ್ಲಿ ಬಿಡ್ರಿ. ಗಾಳಿ ಇಲ್ಲದ್ರಾಗ ಕುಂತು ಬಂದಾಂವ ಅದೀನಿ" ಎನ್ನುತ್ತಿದ್ದ.

ಬಸ್ಸು ನಿಲ್ಲುತ್ತಿದ್ದುದು ಸಿರುಗುಪ್ಪದ ಅಕ್ಕಿ ಗಿರಣಿಯ ಮುಂದೆ. ಆ ಗಿರಣಿಯಲ್ಲಿ ನನ್ನ ಗಂಡ ಉಚ್ಚೆಂಗೆಪ್ಪ ಕೆಲಸಕ್ಕಿದ್ದ. ಅಣ್ಣನಿಗೆ ಬುತ್ತಿ ಒಯ್ಯುವ ಹಂಪಕ್ಕ ದಿನದಿಂದ ದಿನಕ್ಕೆ ಬುತ್ತಿ ಕೊಟ್ಟು ಬರಲು ಹೆಚ್ಚು ಹೊತ್ತು ತೆಗೆದುಕೊಳ್ಳತೊಡಗಿದಳು. ನಾನೇನು ಕಣ್ಣು ಮುಚ್ಚಿಕೊಂಡಿದ್ದೆನೇ? ಗಂಡನಿಗೆ ಹೇಳಿದೆ. ಅವನು ಕೆಂಚಣ್ಣನ ಮನೆಯವರ ಜೊತೆ ಮಾತಾಡಿದ. ಹೆಣ್ಣು ನೋಡಲು ಬಂದರು.

ಅವತ್ತು ಮಂಡಾಳಿನ ತಟ್ಟೆ ಮುಂದಿಟ್ಟುಕೊಂಡು ಕೂತ ಕೆಂಚಣ್ಣ ತಾನೇ ಮಾತು ತೆಗೆದ. "ಎಡಗಿವಿ ಕೇಳಂಗಿಲ್ರಿ. ಮುಚ್ಚಿಟ್ಟು ಮದುವಿ ಆಗಬಾರದು, ಅದಕ್ಕ ಹೇಳಾಕತ್ತೀನಿ. ನಮ್ಮ ಟ್ಯಾಂಕಿನ ಎಡಗಡಿಗೆ ಒಂದು ಗುಂಡು ಬಡೀತು. ಕಬ್ಬಿಣ ತೂತಾಗ್ಲಿಲ್ಲ. ಒಳಗಿದ್ದ ನನ್ನ ಕಿವಿ ಹೋತು."

"ಮತ್ತ ಒಳಗ ಒಬ್ಬರಿಗೊಬ್ಬರು ಹೆಂಗ ಮಾತಾಡ್ತಿದ್ರಿ?" ಎಂದು ನನ್ನ ಗಂಡ ಕೇಳಿದ.

"ಎಲ್ಲಿ ಮಾತು ಭಾವ. ಇಂಜಿನ್ ಗದ್ದಲಕ್ಕ ನನ್ನ ಕೂಗು ನನಗ ಕೇಳ್ತಿರಲಿಲ್ಲ. ಮಾತು ಕೇಳಾಕ ಕಿವಿಗೆ ವೈರು ಕೊಟ್ಟಿದ್ರು, ಅದು ಕೆಟ್ಟುಹೋಗಾದು. ಆವಾಗ ಹಿಂದ ನಿಂತ ಸಾಹೇಬ ಬೂಟುಗಾಲಿಲೆ ಹೆಗಲಿಗೆ ಒದೀತಿದ್ದ. ಎಡ ಹೆಗಲಿಗೆ ಒದ್ರ ಎಡಕ್ಕ, ಬಲ ಹೆಗಲಿಗೆ ಒದ್ರ ಬಲಕ್ಕ ತಿರುಗಿಸಬೇಕು."

ಅವನು ನಗುತ್ತಲೇ ಹೇಳಿದ. ನಮ್ಮ ಅತ್ತೆಯ ಮುಖ ಮಾತ್ರ ಹುಣಸೆಹಣ್ಣು ತಿಂದಂತಾಯಿತು. ಅವರು ಹೋದ ಮೇಲೆ ಶುರುವಾಯಿತು. ಒದೆಸಿಕೊಂಡವನಿಗೆ ಮಗಳನ್ನು ಕೊಡಬೇಕೇ? ಕಿವಿ ಗುಂಡಿನಿಂದ ಹೋದದ್ದೋ, ಹುಟ್ಟುಗಿವುಡೋ? ಹುಟ್ಟುಗಿವುಡಾದರೆ ನಾಳೆ ಮಕ್ಕಳಿಗೂ ಬರುವುದಿಲ್ಲವೇ?

ಹೆಣ್ಣು ಕೊಡುವ ಮುಂಚೆ ನಾಲ್ಕು ಕಡೆ ವಿಚಾರಿಸುವುದು ನಮ್ಮಲ್ಲಿ ಪದ್ಧತಿ. ಕುರುಗೋಡಿನಲ್ಲಿ ಕೇಳಿದ್ದಾಯಿತು. ಯುದ್ಧಕ್ಕೆ ಹೋಗುವಾಗ ಎರಡೂ ಕಿವಿ ಚೆನ್ನಾಗಿದ್ದವು ಎಂದರು. "ಅವರ ಊರೋರು ಅವನ ಕಡೀಗೇ ಹೇಳ್ತಾರ" ಎಂದು ಅತ್ತೆ ಅದನ್ನು ತಳ್ಳಿಹಾಕಿದಳು. ಬರ್ಮಾದಲ್ಲಿ ವಿಚಾರಿಸಲು ನಮಗೆ ಬೀಗರಿದ್ದಾರೆಯೇ? ಅಷ್ಟರಲ್ಲಿ ಊರ ಹೊರಗಿನ ಟೆಂಟಿಗೆ ಇಂಗ್ಲಿಷರ ಒಂದು ಯುದ್ಧದ ಸಿನಿಮಾ ಬಂತು. ಟ್ಯಾಂಕಿನದೇ ಕಥೆಯಂತೆ. ಅತ್ತೆ ಸೆರಗು ಬಿಗಿದು, "ನಡೀರಿ, ವಿಚಾರಿಸಿಕೊಂಡು ಬರಾನ" ಎಂದಳು. ಬೀಗರ ಮನೆಗೆ ಹೊರಟಂತೆ ಎಲೆಅಡಿಕೆ ಸಂಚಿ ಹಿಡಿದುಕೊಂಡೇ ಬಂದಳು.

ಏನು ಹೇಳಲಿ ಆ ಸಿನಿಮಾದ ಬಗ್ಗೆ. ಟ್ಯಾಂಕಿನ ಒಳಗೆ ನಮ್ಮ ಪಡಸಾಲೆಯಷ್ಟು ಜಾಗ. ಸಿಪಾಯಿಗಳ ತಲೆ ಬಾಚಿದ್ದು ಬಾಚಿದ ಹಾಗೆಯೇ ಇತ್ತು, ಅಂಗಿಯಲ್ಲಿ ಒಂದು ಹನಿ ಬೆವರಿಲ್ಲ. ಸಾಹೇಬ ಮೆಲ್ಲಗೆ ಮಾತಾಡುತ್ತಾನೆ, ಮುಂದೆ ಕೂತ ಡ್ರೈವರ್ ತಿರುಗಿ ನಕ್ಕು ಉತ್ತರ ಕೊಡುತ್ತಾನೆ. ಹೊರಗಿನಿಂದ ಗುಂಡು ಬಡಿದರೆ ಇಬ್ಬರೂ ಸಿಗರೇಟು ಹಚ್ಚುತ್ತಾರೆ. ಪರದೆಯ ಪಕ್ಕ ನಿಂತು ತೆಲುಗು ಕನ್ನಡ ಬೆರೆಸಿ ಅರ್ಥ ಹೇಳುವವನು, "ಇದು ಉಕ್ಕಿನ ಕೋಟೆ, ಒಳಗಿದ್ದವರ ಕೂದಲೂ ಕೊಂಕದು" ಎಂದು ತನ್ನದೂ ಸೇರಿಸಿದ. ಅತ್ತೆ ನನ್ನ ತೊಡೆ ಚಿವುಟಿ, "ನೋಡಿದ್ಯಾ?" ಎಂದಳು.

ಮರುದಿನ ಬಸ್ಸು ನಿಂತಾಗ ಕೆಂಚಣ್ಣನನ್ನು ಅಡ್ಡಹಾಕಿ ಕೇಳಿಯೇಬಿಟ್ಟಳು. "ನಿನ್ನಿ ಸಿನಿಮಾದಾಗ ನೋಡಿ ಬಂದೆ, ಗುಂಡು ಬಡಿದ್ರೂ ಅವರು ಮಾತಾಡಿದ್ರು. ಒಬ್ಬರ ಕಿವಿನೂ ಹೋಗ್ಲಿಲ್ಲ. ಯಾರೂ ಯಾರಿಗೂ ಒದೀಲಿಲ್ಲ. ನಿಂದೇನಪ್ಪ ಬ್ಯಾರೆ ಕಥಿ?"

ಕೆಂಚಣ್ಣ ಕೈಯ ಮಸಿ ಒರೆಸಿಕೊಂಡ. "ಅದು ಹಲಗಿಯಿಂದ ಮಾಡಿದ್ದು ಅತ್ತಿ. ಒಂದು ಕಡಿ ಗ್ವಾಡಿ ಇರಂಗಿಲ್ಲ. ಇದ್ರ ಕ್ಯಾಮರಾ ಎಲ್ಲಿ ಇಡ್ತಾರ? ಅಂಥಾ ಟ್ಯಾಂಕು ನನಗ ಕೊಟ್ಟಿದ್ರ ನಾ ಊರಿಗೇ ಬರ್ತಿರಲಿಲ್ಲ, ಅಲ್ಲೇ ಇದ್ದುಬಿಡ್ತಿದ್ದೆ."

"ಸಾವಿರ ಮಂದಿ ಮುಂದ ಸುಳ್ಳು ತೋರಿಸ್ತಾರಾ? ನೀ ಒಬ್ಬಾಂವ ಹೇಳಿದ್ದು ಖರೇನಾ?" ಎಂದು ಅತ್ತೆ ತಿರುಗಿ ನಡೆದಳು. ಹಚ್ಚೊಳ್ಳಿಯ ಕಡೆಯ ಇನ್ನೊಂದು ಸಂಬಂಧದವರಿಗೆ, ಬಂದು ಹೆಣ್ಣು ನೋಡಿರಿ ಎಂದು ಅವತ್ತೇ ಹೇಳಿಕಳಿಸಿದಳು. ಹಂಪಕ್ಕ ಊಟ ಬಿಟ್ಟಳು. ನನ್ನ ಗಂಡ ತಾಯಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಗಿರಣಿಗೆ ಹೋದ. ಅವನು ಯಾವಾಗ ಎದುರಾಡಿದ್ದ?

ಹಚ್ಚೊಳ್ಳಿಯವರು ಬರುವ ಹಿಂದಿನ ದಿನ ಹಂಪಕ್ಕ ನನ್ನ ಕೈ ಹಿಡಿದುಕೊಂಡು ಗಿರಣಿಯ ಹಿತ್ತಲಿಗೆ ಕರೆದೊಯ್ದಳು. ಭತ್ತ ಬೇಯಿಸಲು ಹಿಂದೆ ಉಪಯೋಗಿಸುತ್ತಿದ್ದ ದೊಡ್ಡ ಬಾಯ್ಲರೊಂದು ಅಲ್ಲಿ ತುಕ್ಕು ಹಿಡಿದು ಬಿದ್ದಿತ್ತು.

"ಅತ್ತಿಗಿ, ನಾ ಒಳಗ ಕುಂದ್ರತೀನಿ. ನೀ ಎಡಗಡಿ ಹಾರಿಲೆ ಬಡಿ."

"ಹುಚ್ಚಿ, ಕಿವಿ ಹೋದ್ರ?"

"ಹೋದ್ರ ಅವನ ಜೋಡಿ ಆತು. ಅವ ಸುಳ್ಳ ಹೇಳಿದ್ರ ನಾನೇ ಒಲ್ಲೆ ಅಂತೀನಿ. ಖರೆ ಹೇಳಿದ್ರ ಅವ್ವಗ ಗೊತ್ತಾಗಬೇಕು."

ಅಷ್ಟು ಹೇಳಿ ಬಾಯ್ಲರಿನ ಕಿಂಡಿಯಿಂದ ನುಸುಳಿ ಒಳಗೆ ಕೂತಳು. ನಾನು ಹಾರೆ ಎತ್ತಿದೆ. ಮೊದಲ ಪೆಟ್ಟು ಅಂಜುತ್ತ ಹಾಕಿದೆ. ಆಮೇಲೆ ಬೆರಳು ಅದ್ದಿದ ಮೊಸರು, ನೆಕ್ಕಿದ ಸಾರು ಎಲ್ಲ ನೆನಪಾಯಿತು. ಹೊರಗಿದ್ದ ನನ್ನ ಹಲ್ಲೇ ಜುಮ್ಮೆನ್ನುವ ಹಾಗೆ ಬಡಿದೆ. ಹಂಪಕ್ಕ ಹೊರಗೆ ಬಂದಾಗ ಮುಖ ಬಿಳಿಚಿತ್ತು, ಎಡಗಿವಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದಳು. ನಾನು ಏನು ಕೇಳಿದರೂ ನನ್ನ ತುಟಿಯನ್ನೇ ನೋಡುತ್ತಿದ್ದಳು.

ಪಕ್ಕದ ಓಣಿಯ ನಮ್ಮ ಮನೆಯವರೆಗೂ ಸದ್ದು ಕೇಳಿ ಅತ್ತೆ ಓಡಿಬಂದಳು. ಹಂಪಕ್ಕನ ಬೆನ್ನಿಗೆ ನಿಂತು ಹೆಸರು ಹಿಡಿದು ಕೂಗಿದಳು. ಹಂಪಕ್ಕ ತಿರುಗಲಿಲ್ಲ. ಇನ್ನೊಮ್ಮೆ ಕೂಗಿದಳು. ಮೂರನೆಯ ಸಲ ಕೂಗಿ, ಮಗಳ ಹೆಗಲು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಯಾಕ ಅತ್ತಿ, ನಿಮ್ಮ ಮಗಳು ಹುಟ್ಟುಗಿವುಡಿ ಏನು?" ಎಂದೆ ನಾನು. ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ಸಂತೋಷವಿದೆ.

ಅತ್ತೆ ಬಾಯ್ಲರನ್ನು ನೋಡಿದಳು, ನನ್ನ ಕೈಯ ಹಾರೆಯನ್ನು ನೋಡಿದಳು. ಏನು ನಡೆದಿದೆ ಎಂದು ನಾನು ಬಿಡಿಸಿ ಹೇಳಿದೆ. ಅವಳು ನಂಬದವಳಲ್ಲವೇ, ಕಿಂಡಿಯೊಳಗೆ ತಲೆ ಹಾಕಿ ತಾನೇ ಬೆರಳಿನ ಗೆಣ್ಣಿನಿಂದ ಒಂದು ಸಲ ತಟ್ಟಿ ನೋಡಿದಳು. ಅಷ್ಟಕ್ಕೇ ತಲೆ ಹೊರಗೆ ಎಳೆದುಕೊಂಡಳು. ಆಮೇಲೆ ಮಗಳನ್ನು ತಬ್ಬಿಕೊಂಡು ಅತ್ತಳು. ಮಗಳ ಕಿವಿ ಮಾರನೆಯ ದಿನ ಸರಿಹೋಯಿತು. ಹಚ್ಚೊಳ್ಳಿಯವರಿಗೆ ಬರಬೇಡಿ ಎಂದು ಅತ್ತೆಯೇ ಹೇಳಿಕಳಿಸಿದಳು.

ಮದುವೆ ಕುರುಗೋಡಿನಲ್ಲಾಯಿತು. ನಮ್ಮಲ್ಲಿ ಹೆಣ್ಣನ್ನು ಗಂಡಿನ ಎಡಕ್ಕೆ ಕೂಡಿಸುತ್ತಾರೆ. ಭಜಂತ್ರಿಯವರು ಒಂದೇ ಸಮನೆ ಊದಿ ಬಾರಿಸುತ್ತಿದ್ದರು. ಮದುವೆ ಮಾಡಿಸುವ ಅಯ್ಯನವರು ಅವಳ ಆಚೆ ಎಡಕ್ಕೆ ನಿಂತು ತಾಳಿಯ ತಟ್ಟೆ ಮುಂದೆ ಮಾಡಿ, "ತಗೊಂಡು ಕಟ್ಟಪ್ಪ" ಎಂದರು. ಬಾಸಿಂಗ ಅಡ್ಡವಾಗಿ ಕೆಂಚಣ್ಣನಿಗೆ ತಟ್ಟೆ ಕಾಣಲಿಲ್ಲ, ಮಾತೂ ಕೇಳಲಿಲ್ಲ. ಅಕ್ಷತೆ ಹಿಡಿದವರ ಕೈ ಮೇಲೆಯೇ ನಿಂತಿತು. ಜನ ಮುಖ ಮುಖ ನೋಡಿಕೊಂಡರು. ಮದುಮಗನಿಗೆ ಮನಸ್ಸಿಲ್ಲವೇನೋ ಎಂದು ಹಿಂದಿನಿಂದ ಯಾರೋ ಅಂದದ್ದು ನನಗೇ ಕೇಳಿಸಿತು.

ತಲೆ ತಗ್ಗಿಸಿ ಕೂತಿದ್ದ ಹಂಪಕ್ಕ ಬಾಸಿಂಗ ಕದಲದ ಹಾಗೆ, ತನ್ನ ಬಲ ಹೆಗಲಿನಿಂದ ಅವನ ಎಡ ಹೆಗಲಿಗೆ ಒಂದು ಗುದ್ದು ಕೊಟ್ಟಳು.

ಕೆಂಚಣ್ಣ ತಟ್ಟನೆ ಎಡಕ್ಕೆ ತಿರುಗಿದ. ತಿರುಗಿದ ಮೇಲೆ ಅದು ಯಾರ ಗುದ್ದು ಎಂದು ಅವನಿಗೆ ತಿಳಿಯಿತು. ಬರ್ಮಾದಿಂದ ನಗುತ್ತಲೇ ಬಂದವನ ಕಣ್ಣಲ್ಲಿ ಅವತ್ತು ನೀರು ಬಂತು. ತಾಳಿ ತೆಗೆದುಕೊಂಡು, "ವೈರು ಕೆಟ್ಟಿತ್ತು" ಎಂದ.

"ಗೊತ್ತೈತಿ, ಕಟ್ಟು" ಎಂದಳು ಹಂಪಕ್ಕ.