ನೋಡ್ಕಂಡು ಏಳ್ತೀನಿ ಸಾ

ಕೊಳ್ಳೇಗಾಲದ ತಾಲ್ಲೂಕು ಕಚೇರಿಯ ಪ್ರವಾಹ ಕಂಟ್ರೋಲ್ ರೂಮಿನಲ್ಲಿ ನಾನು ಫೋನ್ ನೋಡಿಕೊಳ್ಳುತ್ತಿದ್ದಾಗ ಮುಳ್ಳೂರಿನ ಗ್ರಾಮ ಸಹಾಯಕರ ಪರಿಚಯವಾಯಿತು. ಕಚೇರಿಗೆ ಬಂದಾಗ ಹೊಳೆ ನೀರು ಎಷ್ಟು ಏರಿದೆ ಎಂದು ಕೇಳಿದರೆ ಬಗ್ಗಿ ತಮ್ಮ ಕಾಲನ್ನೇ ಮುಟ್ಟಿ ತೋರಿಸುತ್ತಿದ್ದರು. ಬೇರೇನು ಕೇಳಿದರೂ ಒಂದೇ ಉತ್ತರ: "ಕಣ್ಣಾರ ನೋಡ್ಕಂಡು ಏಳ್ತೀನಿ ಸಾ."

ಆ ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟರು. ಊರಿನವರನ್ನೆಲ್ಲ ಶಾಲೆಯಲ್ಲಿದ್ದ ಕಾಳಜಿ ಕೇಂದ್ರಕ್ಕೆ ಸಾಗಿಸಿದ್ದಾಯಿತೇ ಎಂದು ಬೆಂಗಳೂರಿನವರು ಜಿಲ್ಲೆಯವರನ್ನು, ಜಿಲ್ಲೆಯವರು ನಮ್ಮನ್ನು ಗಂಟೆಗೊಮ್ಮೆ ಕೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಪಟ್ಟಿಯಲ್ಲಿ ಎಲ್ಲ ಮನೆಗಳಿಗೂ ಗುರುತು ಬಿದ್ದಿತ್ತು. "ಮುಗೀತು ಅಂತ ಕಳಿಸಲಾ?" ಎಂದು ಗ್ರಾಮ ಸಹಾಯಕರಿಗೆ ಫೋನ್ ಮಾಡಿದೆ.

"ಬ್ಯಾಡಿ ಸಾ. ಕಡೇ ಮನೆ ಅವ್ವ ನೆಂಟರ ಮನೆಗೆ ಓಯ್ತು ಅಂತಾವ್ರೆ. ನಾನ್ ನೋಡ್ನಿಲ್ಲ."

ಅಗ್ನಿಶಾಮಕದವರ ದೋಣಿ ಹತ್ತಿ ಅವರೇ ಊರಿಗೆ ವಾಪಸು ಹೋದರು. ಆಕೆ ಕೊಟ್ಟಿಗೆಯಲ್ಲೇ ಇದ್ದಳು. ಏರುತ್ತಿದ್ದ ನೀರಿನಲ್ಲಿ, ಆಗಷ್ಟೇ ಹುಟ್ಟಿದ ಕರುವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಅವಳನ್ನೂ ಕರುವನ್ನೂ ದೋಣಿಗೆ ಹತ್ತಿಸಿ, ಹಸುವಿನ ಹಗ್ಗ ಹಿಡಿದು, ಇವರು ಸೊಂಟದುದ್ದ ನೀರಿನಲ್ಲಿ ನಡೆದೇ ಬಂದರು. ಆಮೇಲೆ ಫೋನ್ ಬಂತು: "ಈಗ ಬರ್ಕಳಿ ಸಾ, ಒಬ್ರೂ ಇಲ್ಲ."

ಸಂಜೆ ನಾನು ಕೇಂದ್ರಕ್ಕೆ ಹೋದಾಗ ಅವರು ಒದ್ದೆ ಬಟ್ಟೆಯಲ್ಲೇ ನಡುಗುತ್ತಾ ಕೂತಿದ್ದರು. ಕೇಂದ್ರದಲ್ಲಿ ಕೊಟ್ಟ ಕಂಬಳಿ ಎಲ್ಲಿ ಎಂದು ಕೇಳಿದೆ. ಶಾಲೆಯ ಜಗಲಿಯ ಮೂಲೆ ತೋರಿಸಿದರು. ಅಲ್ಲಿ ಕಂಬಳಿಯೊಳಗಿಂದ ಕರುವಿನ ಮೂತಿ ಇಣುಕುತ್ತಿತ್ತು.

"ಮೇಲ್ನೋರಿಗೆ ಬರೀಬ್ಯಾಡಿ ಸಾ," ಎಂದು ನಕ್ಕರು. "ಕಂಬ್ಳಿಗೆ ಸೈನ್ ಆಕಿರೋನು ನಾನು."