ದೊಡ್ಡ ಮಂಟಪಕ್ಕೊಂದು ಸಣ್ಣ ಪೆಟ್ಟಿಗೆ

ಇಂದು ಬೆಳಿಗ್ಗೆ ಗಿಟಾರಿನ ದನಿ ಹಿಗ್ಗಿಸುವ ಆಂಪ್ ಚಾಲೂ ಮಾಡಿದಾಗ ಬಿಸಿ ಧೂಳಿನ ವಾಸನೆ ಬಂತು. ಮನೆಯಲ್ಲಿ ಹಳೆಯ ವಾಲ್ವ್ ರೇಡಿಯೊ ಇದ್ದವರಿಗೆ ಈ ವಾಸನೆಯ ಪರಿಚಯವನ್ನು ನಾನು ಮಾಡಿಕೊಡಬೇಕಿಲ್ಲ. ಆ ರೇಡಿಯೊ ಕಿವಿ ಹಿಂಡಿದ ಕೂಡಲೇ ಮಾತಾಡುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ಮೊದಲು ಕೆಂಪಗೆ ಕಾಯಬೇಕು, ಆಮೇಲೆ ದನಿ. ನನ್ನ ಆಂಪ್ ಕೂಡ ಅದೇ ಜಾತಿಯದು. ಅಂಗಡಿಯವರು ಟ್ಯೂಬ್ ಆಂಪ್ ಎನ್ನುತ್ತಾರೆ; ನಮ್ಮಪ್ಪ ಇದ್ದಿದ್ದರೆ ವಾಲ್ವಿನ ಪೆಟ್ಟಿಗೆ ಎನ್ನುತ್ತಿದ್ದರು. ಬಸ್ಸು ಸ್ವಲ್ಪ ತಡವಾದರೂ ಸಿಡಿಮಿಡಿಗೊಳ್ಳುವ ನಾನು, ಕಾಯಿಸದೆ ದನಿ ಕೊಡದ ಇಂಥ ಪೆಟ್ಟಿಗೆಯನ್ನು ಹೇಗೆ ಆರಿಸಿಕೊಂಡೆ ಎಂದು ನೀವು ಕೇಳಬೇಕು. ಕೇಳದಿದ್ದರೂ ಹೇಳುತ್ತೇನೆ.

ನಾನು ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರಿ. ಹಗಲು ಹಣ್ಣು ಆರಿಸಿ, ಚೀಲ ತುಂಬಿಸಿ, ಲಾರಿ ಹತ್ತಿಸುವುದು, ಸಂಜೆಯಾದರೆ ಗಿಟಾರ್. ಎರಡೂ ಒಂದಕ್ಕೊಂದು ಆಗಿಬರುವುದಿಲ್ಲ. ಎಷ್ಟು ಸಾಬೂನು ಹಚ್ಚಿ ತಿಕ್ಕಿದರೂ ಬೆರಳಿನ ಹುಳಿ ಹೋಗದು, ಹೊಸ ತಂತಿಗೂ ಬೇಗ ತುಕ್ಕು ಹಿಡಿಯುತ್ತದೆ. ನಿಂಬೆ ಬಿಡಬೇಕು ಇಲ್ಲವೇ ಗಿಟಾರ್ ಬಿಡಬೇಕು ಎಂದು ಪ್ರತಿ ಸಲ ತಂತಿ ಬದಲಿಸುವಾಗ ನಿರ್ಧರಿಸುತ್ತೇನೆ. ಯಾವುದನ್ನೂ ಬಿಟ್ಟಿಲ್ಲ.

ನಮ್ಮದು ಮೂವರ ಮೇಳ. ಹಾಡುವವಳು ನನ್ನ ಅಕ್ಕ ಶಾಂತಾ, ಇಲ್ಲಿಯ ಕನ್ನಡ ಶಾಲೆಯ ಶಿಕ್ಷಕಿ. ಡ್ರಮ್ ಬಾರಿಸುವವನು ಮಹಾದೇವ, ಸಿಂದಗಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನು. ಮದುವೆಯ ಹಿಂದಿನ ಸಂಜೆ, ಗೃಹಪ್ರವೇಶ, ನಿವೃತ್ತರಾದ ಮಾಸ್ತರರ ಸತ್ಕಾರ, ಹೀಗೆ ಕರೆದಲ್ಲಿಗೆ ಹೋಗುತ್ತೇವೆ. ನಮ್ಮ ಕಡೆ ಹಾಡಿನವರನ್ನು ಗೊತ್ತು ಮಾಡುವ ರೀತಿಯೇ ಬೇರೆ. ಯಾವ ಹಾಡು ಹಾಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. "ಎಷ್ಟ ಬಾಕ್ಸ್ ತರ್ತೀರಿ?" ಎಂಬುದೇ ಮೊದಲ ಪ್ರಶ್ನೆ. ಸ್ಪೀಕರ್ ಬಾಕ್ಸುಗಳು ಗೋಡೆಯಂತೆ ನಿಂತು, ಪಕ್ಕದ ಊರಿನವರ ನಿದ್ದೆ ಕೆಟ್ಟರೆ ಕಾರ್ಯ ಜೋರಾಯಿತೆಂದು ಅರ್ಥ. ಯಂಕಂಚಿಯ ಯಜಮಾನರೊಬ್ಬರು ನಾವು ಇಳಿಸಿದ ಎರಡೇ ಎರಡು ಬಾಕ್ಸು ನೋಡಿ, "ಉಳದದ್ದು ಹಿಂದಿನ ಟೆಂಪೋದಾಗ ಬರಾಕತ್ತೈತೇನ್ರಿ?" ಎಂದು ಕೇಳಿ, ಬಹಳ ಹೊತ್ತು ರಸ್ತೆಯ ಕಡೆಗೇ ನೋಡುತ್ತ ನಿಂತಿದ್ದರು.

ಅಕ್ಕನದು ಒಂದು ಕಾಲಕ್ಕೆ ಬಾಕ್ಸೇ ಬೇಡದ ದನಿ. ಅಂಥವಳಿಗೆ ಗಂಟಲಲ್ಲಿ ಗಂಟು ಬಂತು. ವಿಜಯಪುರದಲ್ಲಿ ಆಪರೇಶನ್ ಮಾಡಿಸಿದೆವು. ಗಂಟು ಹೋಯಿತು, ಅದರ ಜೊತೆ ದನಿಯ ಹೆಚ್ಚಿನ ಪಾಲೂ ಹೋಯಿತು. ಉಳಿದದ್ದು ತೆಳ್ಳಗಿನ, ಅಂಚಿನಲ್ಲಿ ತುಸು ಹರಿದ ದನಿ. "ಹಾಡ್ರಿ, ಆದರ ಒದರಬ್ಯಾಡ್ರಿ" ಎಂದರು ಡಾಕ್ಟರು. ಮೈಕು ಇದೆಯಲ್ಲ ಎನ್ನುತ್ತೀರಿ. ಮೈಕು ಇದ್ದರೂ, ಹಿಂದೆ ಡ್ರಮ್ಮು ಪಕ್ಕದಲ್ಲಿ ಗಿಟಾರು ಅಬ್ಬರಿಸುತ್ತಿದ್ದರೆ ಹಾಡುವವರಿಗೆ ತಮ್ಮ ದನಿ ತಮಗೇ ಕೇಳುವುದಿಲ್ಲ, ತಿಳಿಯದೆಯೇ ಕೂಗತೊಡಗುತ್ತಾರೆ. ಅಕ್ಕ ಹಾಗೆ ಕೂಗಿದ ಮರುದಿನ ತರಗತಿಯಲ್ಲಿ ಹಾಜರಿ ಕರೆಯಲೂ ಆಗದೆ ಮಕ್ಕಳಿಂದಲೇ ಕರೆಸಿದಳು. ಇನ್ನು ಕೆಲವು ಸಲ ಹೀಗಾದರೆ ಅವಳ ಹಾಡು ಮುಗಿದಂತೆಯೇ. ಇದು ಮೂವರಿಗೂ ಗೊತ್ತಿತ್ತು, ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ಅದೇ ಸಮಯಕ್ಕೆ ಯಾರದೋ ಮದುವೆಯ ಜನರೇಟರು ನನ್ನ ಹಳೆಯ ಆಂಪನ್ನು ಸುಟ್ಟುಹಾಕಿತು. ಸೊಲ್ಲಾಪುರದ ಪರಿಚಯದ ಅಂಗಡಿಯವರು ಎರಡು ಟ್ಯೂಬ್ ಆಂಪ್ ಕೊಟ್ಟು, ಬಾರಿಸಿ ನೋಡಿ ಬೇಕಾದ್ದನ್ನು ಇಟ್ಟುಕೊಳ್ಳಿ ಎಂದರು. ಒಂದು ದೊಡ್ಡದು, ಎತ್ತಲು ಇಬ್ಬರು ಬೇಕು. ಇನ್ನೊಂದು ಒಂದೇ ಕೈಯಲ್ಲಿ ಹಿಡಿದು ಬಸ್ಸು ಹತ್ತಬಹುದಾದಂಥದು. ವಾಟ್ ಅರ್ಧವಾದರೆ ಸದ್ದೂ ಅರ್ಧವಾಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗೇನಿಲ್ಲ, ಸ್ವಲ್ಪ ತಗ್ಗುತ್ತದೆ ಅಷ್ಟೆ. ಸ್ಪೀಕರ್ ಒಳ್ಳೆಯದಿದ್ದರೆ ಸಣ್ಣದೂ ಮಂಟಪ ತುಂಬೀತು. ತೊಡಕು ಬೇರೆಯೇ. ದೊಡ್ಡದನ್ನು ಎಷ್ಟು ಏರಿಸಿದರೂ ದನಿ ಸ್ವಚ್ಛ. ಸಣ್ಣದನ್ನು ಡ್ರಮ್ಮಿನ ಸಮಕ್ಕೆ ಏರಿಸಿದರೆ ದನಿ ಕರಕರ ಒಡೆಯುತ್ತದೆ; ಸ್ವಚ್ಛ ಬೇಕೆಂದರೆ ಎಲ್ಲರೂ ಮೆಲ್ಲಗೇ ಬಾರಿಸಬೇಕು.

ಬೇರೆ ಊರಿನವರು ಆಂಪನ್ನು ಹೇಗೆ ಪರೀಕ್ಷಿಸುತ್ತಾರೋ ಗೊತ್ತಿಲ್ಲ, ನಾನು ರೊಟ್ಟಿಯ ಎದುರು ಪರೀಕ್ಷಿಸಿದೆ. ಅಂದು ಪಕ್ಕದ ಮನೆಯ ಕಾರ್ಯಕ್ಕಾಗಿ ನಮ್ಮ ಹಿತ್ತಲಲ್ಲಿ ಓಣಿಯ ಹೆಂಗಸರೆಲ್ಲ ಸಾಲಾಗಿ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಅಷ್ಟು ಕೈಗಳು ಒಟ್ಟಿಗೆ ಬಡಿದರೆ ಆ ಸದ್ದು ನಮ್ಮ ಮಹಾದೇವನಿಗೇನೂ ಕಡಿಮೆಯಲ್ಲ. ಮೊದಲು ದೊಡ್ಡದನ್ನು ಹಚ್ಚಿದೆ. ರೊಟ್ಟಿಯ ಸದ್ದು ಅಡಗಿಯೇ ಹೋಯಿತು. ಒಬ್ಬ ಅಜ್ಜಿ ಕೈಯಲ್ಲಿದ್ದ ಹಿಟ್ಟಿನ ಉಂಡೆ ಬಿಟ್ಟು, "ಏ ತಮ್ಮಾ, ಮನಿ ಕೆಡವಾಕ ನಿಂತೀಯೇನು?" ಎಂದಳು. ಆಮೇಲೆ ಸಣ್ಣದು. ಕೇಳಿಯೂ ಕೇಳದಂತಿತ್ತು. ಏರಿಸಿದೆ, ಇನ್ನಷ್ಟು ಏರಿಸಿದೆ. ರೊಟ್ಟಿಯ ಸದ್ದನ್ನು ದಾಟುವ ಹೊತ್ತಿಗೆ ದನಿ ಅಂಚಿನಲ್ಲಿ ಹರಿಯಿತು.

ಅಕ್ಕ ಅವರ ನಡುವೆಯೇ ಕುಳಿತಿದ್ದಳು. ಹಿಟ್ಟಿನ ಕೈ ಎತ್ತಿ ನಕ್ಕಳು. "ಇದಕ್ಕೂ ನನ್ನಂಗ ಗಂಟಲ ಬಿದ್ದೈತಿ ನೋಡು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹರಿದ ಆ ದನಿ ನನಗೆ ತುಂಬ ಇಷ್ಟವಾಗಿತ್ತು, ದೊಡ್ಡ ಪೆಟ್ಟಿಗೆಯ ಸ್ವಚ್ಛ ದನಿಗಿಂತ ಹೆಚ್ಚಾಗಿ. ಅದನ್ನು ಅವಳೆದುರು ಹೇಳುವ ಬದಲು ಆಂಪಿನ ವೈರು ಸುತ್ತತೊಡಗಿದೆ.

ಮಹಾದೇವ ದೊಡ್ಡದೇ ಬೇಕೆಂದು ಹಟ ಹಿಡಿದ. "ಸಣ್ಣದು ತಗೊಂಡ ಹೋದ್ರ ನಮ್ಮನ್ನ ಯಾರೂ ಕರಿಯಂಗಿಲ್ರಿ" ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. "ನನ್ನ ಸಲುವಾಗಿ ಸಣ್ಣದು ಇಟ್ಕೋಬ್ಯಾಡ. ನಾ ಇನ್ನ ಎಷ್ಟ ದಿನ ಹಾಡಾಕಿ? ನಿಂದಾದ್ರೂ ಕೇಳ್ಲಿ."

ನನಗೆ ಸಿಟ್ಟು ಬಂತು. "ನಿನ್ನ ಸಲುವಾಗಿ ಅಂತ ಯಾರ ಹೇಳಿದ್ರು? ಹೊರಾಕ ಹಗುರ ಐತಿ, ಅದಕ್ಕ" ಎಂದೆ. ದಿನವೂ ನಿಂಬೆಯ ಚೀಲ ಎತ್ತುವವನ ಬಾಯಲ್ಲಿ ಎಂಥ ಮಾತು! ಸಣ್ಣದೇ ಮನೆಯಲ್ಲಿ ಉಳಿಯಿತು.

ಅದನ್ನು ಹಿಡಿದು ಮೊದಲು ಹೋದದ್ದು ಮುದ್ದೇಬಿಹಾಳದ ಒಂದು ಮದುವೆಗೆ. ಮರ್ಯಾದೆ ಉಳಿಯಲೆಂದು ಮಹಾದೇವ ಎಲ್ಲಿಂದಲೋ ನಾಲ್ಕು ಖಾಲಿ ಬಾಕ್ಸು ತಂದು, ಕರಿ ಬಟ್ಟೆ ಹೊದಿಸಿ, ವೇದಿಕೆಯ ಎರಡೂ ಬದಿಗೆ ನಿಲ್ಲಿಸಿದ್ದ. ಬೀಗರು ನೋಡಿ ಖುಷಿಪಟ್ಟರು. ಖುಷಿ ಮೊದಲ ಹಾಡಿನ ತನಕ ಮಾತ್ರ. ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. "ಬಾಕ್ಸ್ ಏನೋ ಇಷ್ಟ ಇಟ್ಟೀರಿ, ಆವಾಜ್ ಎಲ್ಲೈತ್ರಿ?" ಮಂದಿ ಸಿಳ್ಳೆ ಹೊಡೆದರು. ಮಹಾದೇವನ ಪೆಟ್ಟು ಜೋರಾಯಿತು. ನನ್ನ ಕೈ ಆಂಪಿನ ಗುಂಡಿಯ ಮೇಲೆ ಹೋಯಿತು. ಅಕ್ಕನ ಕೊರಳಿನ ನರ ಉಬ್ಬುವುದು ಕಾಣುತ್ತಿತ್ತು. ನಾನು ಏರಿಸಿದರೆ ಅವಳೂ ಏರಿಸುತ್ತಾಳೆ. ಕೈ ಅಲ್ಲೇ ನಿಂತಿತು.

ಅಕ್ಕ ಹಾಡು ನಿಲ್ಲಿಸಿದಳು. "ಅಣ್ಣಾರ, ನನಗ ಗಂಟಲ ಆಪರೇಶನ್ ಆಗೈತ್ರಿ. ಜೋರ ಹಾಡಾಕ ಆಗಂಗಿಲ್ಲ. ನೀವ ಮುಂದ ಬರ್ರಿ, ಇಲ್ಲೆ ಜಾಗಾ ಐತಿ."

ಮೂವರೂ ಮುಚ್ಚಿಟ್ಟುಕೊಂಡಿದ್ದ ಮಾತನ್ನು ಅವಳು ಮೈಕಿನಲ್ಲಿ ಹೇಳಿಬಿಟ್ಟಳು. ಆಮೇಲೆ ಎದ್ದು ನಿಂತಿದ್ದ ಆ ಮನುಷ್ಯನೇ ತನ್ನ ಕುರ್ಚಿ ಎತ್ತಿಕೊಂಡು ಮುಂದೆ ಬಂದ. ಅವನ ಹಿಂದೆ ಇನ್ನಷ್ಟು ಕುರ್ಚಿಗಳು ಬಂದವು. ಹೆಂಗಸರು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಮಹಾದೇವ ಕೋಲು ಕೆಳಗಿಟ್ಟು ಬೆರಳಲ್ಲೇ ಬಾರಿಸತೊಡಗಿದ. ಅಕ್ಕ ಮತ್ತೆ ಮೊದಲಿನಿಂದ ಹಾಡಿದಳು, ಮನೆಯಲ್ಲಿ ಹಾಡಿದಷ್ಟೇ ಮೆಲ್ಲಗೆ. ನನಗೆ ಅಳು ಬಂತು. ಗಿಟಾರ್ ಬಾರಿಸುವವನಿಗೆ ಕಣ್ಣೊರೆಸಿಕೊಳ್ಳಲು ಕೈ ಬಿಡುವಿರುವುದಿಲ್ಲ.

ಈಗ ಕರೆಯುವವರು ಕಡಿಮೆಯಾಗಿದ್ದಾರೆ. ಕರೆದವರ ಊರಿಗೆ ಹೋದೊಡನೆ ನಾವು ಮೊದಲು ಕುರ್ಚಿಗಳನ್ನು ಹತ್ತಿರ ಎಳೆಯುತ್ತೇವೆ. ಇಂದು ಸಂಜೆ ಬಸವನ ಬಾಗೇವಾಡಿಯಲ್ಲಿ ಹಾಡಬೇಕು, ಅದಕ್ಕೇ ಬೆಳಿಗ್ಗೆ ತಾಲೀಮಿಗೆ ಕುಳಿತೆವು. ಆಂಪ್ ಕಾಯುವ ತನಕ ಅಕ್ಕ ಬಿಸಿನೀರು ಕುಡಿದಳು. ಮೊದಲ ಹಾಡು ಚೆನ್ನಾಗಿ ಬಂತು. ಎರಡನೆಯದರ ನಡುವೆ ದನಿ ನಿಂತೇಬಿಟ್ಟಿತು. ಇನ್ನೊಮ್ಮೆ ಬಾಯಿ ತೆರೆದಳು, ಗಾಳಿ ಮಾತ್ರ ಬಂತು. ನಾನು ಬಾರಿಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದೆ.

ಅವಳು ಬಗ್ಗಿ ಆಂಪಿನ ಗುಂಡಿಯನ್ನು ತಾನೇ ತಿರುಗಿಸಿದಳು, ದನಿ ಒಡೆಯುವ ಜಾಗದ ತನಕ.

"ಸಂಜಿಗೂ ಹಿಂಗಾದ್ರ ಹಿಂಗ ಮಾಡೂಣು" ಎಂದು ಪಿಸುಗುಟ್ಟಿದಳು. "ಉಳದ ಹಾಡು ನೀ ಬಾರಸು."

ಬಾರಿಸಿದೆ. ಅಕ್ಕ ಬಾಗಿಲಿಗೆ ಒರಗಿ ನಿಂತು, ತುಟಿಯನ್ನಷ್ಟೇ ಆಡಿಸುತ್ತ ಹಾಡನ್ನು ಕೊನೆಯ ತನಕ ಹಾಡಿದಳು.