ತಂಬಿಗೆಯಲ್ಲಿ ಉಳಿದ ನೀರು

ಕಾಕಾ ತೀರಿಕೊಂಡ ತಿಂಗಳಲ್ಲೇ ಅವರ ಹಳೆಯ ಕಾರು ಕಾತ್ರಜ ಘಾಟಿನಲ್ಲಿ ಹಬೆಯುಗುಳಿ ನಿಂತಿತು. ಅದನ್ನಾದರೂ ಉಳಿಸಿಕೊಳ್ಳಬೇಕೆಂಬ ಹಂಬಲದಿಂದ ಅವರ ಹೆಂಡತಿ, ನನ್ನ ಕಾಕು, ನನ್ನೊಡನೆ ಗ್ಯಾರೇಜಿಗೆ ಬಂದರು.

ಬೆಳಗಾವಿ ಕಡೆಯ ಮೆಕ್ಯಾನಿಕ್ ರೇಡಿಯೇಟರಿಗೆ ನೀರು ತುಂಬಿಸಿ, ಇಂಜಿನ್ ಚಾಲೂ ಮಾಡಿ, ವಾಟರ್ ಪಂಪಿನ ಕೆಳಗೆ ಬೆರಳಿಟ್ಟ. ಬೆರಳು ಒದ್ದೆಯಾಯಿತು.

"ಸೋರೂದು ಹಳೇದ ಅದರಿ. ದಿನಾ ನೀರು ಯಾರು ಹಾಕತಿದ್ರು?"

"ಅವರ ಹಾಕತಿದ್ರು," ಎಂದರು ಕಾಕು. "ಮುಂಜಾನೆ ತುಳಸಿಗೆ ಹಾಕಿ, ತಂಬಿಗ್ಯಾಗ ಉಳಿದದ್ದು ಕಾರಿಗೆ. ಇದೂ ಒಂದು ಪೂಜಿನ ಅಂತ ನಾ ನಗತಿದ್ದೆ."

ಪಂಪು ಬದಲಿಸಿದ ಮೇಲೆ ಅವನೆಂದ, "ಇನ್ನ ದಿನಾ ಹಾಕೂದು ಬ್ಯಾಡ್ರಿ ಅಕ್ಕಾರ."

"ಒಂದೀಟು ಸೋರಿದ್ರ ನಡೀತಿತ್ತಲ್ಲಪಾ."

ಅವನು ನನ್ನತ್ತ ನೋಡಿದ, ನಾನು ದುಡ್ಡು ಎಣಿಸಿ ಕೊಟ್ಟೆ.

ಕಾರು ಈಗ ಚೆನ್ನಾಗಿ ಓಡುತ್ತಿದೆ. ಕಾಕು ತಂಬಿಗೆಯ ನೀರನ್ನೆಲ್ಲ ಸುರಿಯುವ ತುಳಸಿಯ ಕುಂಡ ಮಾತ್ರ ಪ್ರತಿ ಮುಂಜಾನೆ ತುಂಬಿ ಅಂಗಳಕ್ಕೆ ಚೆಲ್ಲುತ್ತದೆ. ಅದನ್ನು ನಾವು ಯಾವ ಮೆಕ್ಯಾನಿಕ್‌ಗೂ ತೋರಿಸಿಲ್ಲ.